ಹುಳಿಗೆ ಎರಡು ಸಲ ಬಿದ್ದ ಉಪ್ಪು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ಪಲ್ಲವಿ ಮೊನ್ನೆ ಸಿದ್ದಾಪುರ ಕಡೆಯ ಬಿಳಗಿಯಲ್ಲಿ, ನಾನೂರು ಜನ ಊಟಕ್ಕೆ ಕೂತ ಪಂಕ್ತಿಯ ನಡುವೆ ಸೌಟು ಹಿಡಿದು ನಿಂತು, "ಹುಳಿ ಕೆಟ್ಟಿದ್ದು ಯನ್ನ ಅಡಿಗೆಮನೆಲ್ಲಿ. ತಪ್ಪು ಯನ್ನದು" ಎಂದಳು!

ನನಗೆ ಇಷ್ಟು ಖುಷಿ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಮರುದಿನ ಹಾಲಿನವನಿಗೆ ಹೇಳಿದೆ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದ ಇಬ್ಬರನ್ನು ನಿಲ್ಲಿಸಿ ಹೇಳಿದೆ. ಅವರಲ್ಲೊಬ್ಬ, "ಅಜ್ಜಾರೇ, ಹುಳಿ ಕೆಟ್ಟಿದ್ದಕ್ಕೆ ಪೇಡೆ ಹಂಚವ್ರನ್ನ ಇದೇ ಮೊದಲು ನೋಡಿದ್ದು" ಎಂದ. ಪೇಡೆ ಮಾತ್ರ ಎರಡು ತೆಗೆದುಕೊಂಡ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು. ಆ ಹುಳಿ ಕೆಡಿಸಿದ್ದು ಅವಳಲ್ಲ, ನಾನು. ಅದನ್ನು ಒಪ್ಪಿಕೊಳ್ಳಲು ಮಧ್ಯಾಹ್ನದ ಊಟದಿಂದ ಸಂಜೆಯ ಊಟದವರೆಗೆ ನನಗೆ ಬಾಯಿ ಬರಲಿಲ್ಲ. ಕಡೆಗೂ ಬಾರದೇ ಹೋಗಿದ್ದರೆ ಬಿಳಗಿಯ ಒಂದು ಒಳ್ಳೆಯ ಬಾವಿ ಮರುದಿನ ಬೆಳಿಗ್ಗೆ ಮಣ್ಣು ಮುಚ್ಚಿಹೋಗುತ್ತಿತ್ತು. ಹುಳಿಗೂ ಬಾವಿಗೂ ಏನು ಸಂಬಂಧ ಎನ್ನಬೇಡಿ. ಅಡಿಗೆಯ ಉದ್ಯೋಗದಲ್ಲಿ ಎಲ್ಲಕ್ಕೂ ಎಲ್ಲದಕ್ಕೂ ಸಂಬಂಧ ಇದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಉಳಿದ ವಿದ್ಯೆಯೆಲ್ಲ ಒಲೆಯ ಮುಂದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಕಡೆಯ ಮದುವೆ, ಮುಂಜಿ, ತಿಥಿಗಳಿಗೆ ನಲವತ್ತು ವರ್ಷ ಅಡಿಗೆ ಮಾಡಿದೆ. ಮಂಡಿ ಕೈಕೊಟ್ಟ ಮೇಲೆ ಬಿಟ್ಟೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಬಂದು, "ಎಂತಾದ್ರೂ ಹೇಳಿಕೊಡಿ" ಎನ್ನುತ್ತಾರೆ. ಹೋಳಿಗೆಯ ಹದ ಫೋನಿನಲ್ಲೇ ಸಿಗುತ್ತದೆ. ಫೋನಿನಲ್ಲಿ ಸಿಗದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ನಮ್ಮ ಅಡಿಗೆಯವರು ರುಚಿ ನೋಡುವುದಿಲ್ಲ. ದೇವರ ನೈವೇದ್ಯ ಆಗುವ ತನಕ ಒಂದು ಹನಿಯೂ ನಾಲಿಗೆಗೆ ತಾಗಬಾರದು. ಐನೂರು ಜನರ ಹುಳಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎನ್ನುವುದನ್ನು ಮೂಗಿನಿಂದ, ಕಣ್ಣಿನಿಂದ, ಬೇಕಾದರೆ ಕಿವಿಯಿಂದ ತಿಳಿದುಕೊಳ್ಳಬೇಕು. ಇದನ್ನು ನನಗೆ ಕಲಿಸಿದ್ದು ನಮ್ಮ ತಂಡದ ಯಜಮಾನ ಸುಬ್ರಾಯಣ್ಣ. ದೊಡ್ಡ ಹೊಟ್ಟೆ, ಸಣ್ಣ ಸ್ವರ. ಕೊಪ್ಪರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕುದಿಯುವ ಹುಳಿಗೆ ಕಿವಿ ಕೊಡುತ್ತಿದ್ದ. "ಉಪ್ಪಿಲ್ಲದ್ದು ಡಬಡಬ ಹೇಳ್ತು, ಉಪ್ಪಾದ್ದು ಗುಬುಗುಬು ಹೇಳ್ತು. ಕೇಳ್ತನಾ?" ಎನ್ನುತ್ತಿದ್ದ. ನನಗೆ ಎರಡೂ ಒಂದೇ ತರ ಕೇಳುತ್ತಿತ್ತು. "ಹೌದು, ಕೇಳ್ತು" ಎನ್ನುತ್ತಿದ್ದೆ. ಹತ್ತು ವರ್ಷ ಹಾಗೆ ಎಂದ ಮೇಲೆ ನಿಜವಾಗಿಯೂ ಕೇಳಿಸತೊಡಗಿತು. ಅದೇ ನನ್ನ ದುರ್ದೆಸೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಿಳಗಿಯ ಒಂದು ಮನೆಯಲ್ಲಿ ಮುಂಜಿ. ಹುಳಿಗೆ ಮೂರು ಬೊಗಸೆ ಹರಳುಪ್ಪು ಹಾಕಿ ನಾನು ಸೌದೆ ತರಲು ಹೋದೆ. ಆ ಹೊತ್ತಿಗೆ ಸುಬ್ರಾಯಣ್ಣ ಬಂದು ಕಿವಿ ಕೊಟ್ಟನಂತೆ. ಅವನಿಗೆ ಡಬಡಬ ಕೇಳಿತಂತೆ. ಅವನೂ ಮೂರು ಬೊಗಸೆ ಹಾಕಿದ. ಊಟಕ್ಕೆ ಕೂತವರ ಮುಖ ಒಂದೊಂದಾಗಿ ಹುಣಸೆಹಣ್ಣಿನಂತೆ ಮುದುಡಿತು. ಮನೆ ಯಜಮಾನರು ಅಡಿಗೆಮನೆಗೆ ಬಂದು, "ಸುಬ್ರಾಯಾ, ಉಪ್ಪು..." ಎಂದರು.

ನಾನು ಬಾಯಿ ತೆರೆಯುವುದರೊಳಗೆ ಸುಬ್ರಾಯಣ್ಣ ಸಣ್ಣ ಸ್ವರದಲ್ಲಿ, "ನಿಮ್ಮನೆ ಬಾವಿ ನೀರಲ್ಲೇ ಉಪ್ಪಿದ್ದು ಭಾವಾ. ಹೇಳಲಾಗ ಹೇಳಿ ಸುಮ್ನಿದ್ದಿದ್ದೆ" ಎಂದ.

ಯಜಮಾನರು ಹೋಗಿ ಒಂದು ಕೊಡ ನೀರು ಸೇದಿ ಕುಡಿದರು. ಸಿಹಿ ಇತ್ತು. ವಾಪಸು ಬಂದು, "ಈಗ ಸಿಹಿ ಇದ್ದಲಾ?" ಎಂದರು.

"ಅದು ಹಂಗೇ. ಕುದಿಸಿದ್ರೆ ಮಾತ್ರ ಉಪ್ಪು ಬಿಡ್ತು," ಎಂದ ಸುಬ್ರಾಯಣ್ಣ.

ಮರುವರ್ಷ ಆ ದಾರಿಯಲ್ಲಿ ಹೋದಾಗ ನೋಡಿದರೆ ಹಳೆಯ ಬಾವಿ ಮುಚ್ಚಿ, ಅದರ ಮೇಲೆ ಕೊಟ್ಟಿಗೆ ಕಟ್ಟಿ, ಮನೆಯ ಹಿಂದೆ ಹೊಸ ಬಾವಿ ತೋಡಿಸಿದ್ದರು. ಯಜಮಾನರು ನನ್ನ ಕೈ ಹಿಡಿದು ಬಾವಿಕಟ್ಟೆಗೆ ಕರೆದೊಯ್ದು, "ನೋಡು ತಮಾ, ಈಗ ಹುಳಿ ಎಷ್ಟು ಕುದಿಸಿದ್ರೂ ಉಪ್ಪಾಗ್ತಿಲ್ಲೆ. ಸುಬ್ರಾಯ ಪುಣ್ಯಾತ್ಮ" ಎಂದರು. ನಾನು ಬಾವಿಯೊಳಗೆ ಇಣುಕಿದೆ. ನನ್ನ ಮುಖವೇ ಕಂಡಿತು. ನಲವತ್ತು ವರ್ಷ ಬಿಳಗಿಯ ಮೇಲೆ ಹೋಗುವಾಗಲೆಲ್ಲ ಬಸ್ಸಿನ ಆಚೆ ಬದಿಯ ಕಿಟಕಿ ನೋಡುತ್ತಾ ಕೂತೆ.

ತಪ್ಪು ಒಪ್ಪದಿರುವುದು ಒಂದು ರೋಗವಾದರೆ, ಕೇಳದಿರುವುದು ಇನ್ನೊಂದು. ಒಮ್ಮೆ ಮನ್ಮನೆ ಎನ್ನುವ ಊರಲ್ಲಿ ಮದುವೆ. ವ್ಯಾನು ಓಡಿಸುವ ಬಸಣ್ಣ ಬನವಾಸಿ ಕಡೆಯವ. ಚಪ್ಪರ ಕಂಡಲ್ಲಿ ನಿಲ್ಲಿಸಿ, "ಇಳೀರ್ರಿ, ಇದ ಮನಿ" ಎಂದ. ಇಳಿದೆವು. "ಇದೇ ಮನೆಯಾ ಕೇಳನ" ಎಂದೆ ನಾನು. ಸುಬ್ರಾಯಣ್ಣನಿಗೆ ಸಿಟ್ಟು ಬಂತು. "ಅಡಿಗೆಯವ ಮನೆ ಕೇಳ್ತಾ ತಿರುಗಿದ್ರೆ ಮರ್ಯಾದೆ ಇದ್ದನಾ?" ಮನೆಯವರೂ ನಮ್ಮನ್ನು ಏನೂ ಕೇಳಲಿಲ್ಲ. ಯಾರೋ ನೆಂಟರು ಕಳಿಸಿದ್ದಾರೆ ಎಂದುಕೊಂಡರಂತೆ. ಎರಡು ಚೀಲ ಸೌತೆಕಾಯಿ ಹೆಚ್ಚಿದೆವು, ಹುಳಿ ಏರಿಸಿದೆವು, ಲಾಡಿಗೆ ಬೂಂದಿ ಕರಿದೆವು. ಹತ್ತು ಗಂಟೆಗೆ ಇನ್ನೊಂದು ಅಡಿಗೆ ತಂಡ ಬಂತು. ಅವರು ನಮ್ಮನ್ನು ಕೈಯಾಳು ಎಂದುಕೊಂಡರು, ನಾವು ಅವರನ್ನು. ಇಬ್ಬರು ಯಜಮಾನರೂ ಒಬ್ಬರಿಗೊಬ್ಬರು ಒಂದು ತಾಸು ಅಪ್ಪಣೆ ಕೊಟ್ಟುಕೊಂಡರು. ಕಡೆಗೆ ಸುಬ್ರಾಯಣ್ಣ ಅಲ್ಲಿದ್ದ ಅಜ್ಜಿಯೊಬ್ಬಳ ಹತ್ತಿರ ನಗುತ್ತಾ, "ಮದುಮಗ ಎಲ್ಲಿದ್ನೇ ಅತ್ತೆ, ಕಾಣ್ತ್ನೇ ಇಲ್ಲೆ?" ಎಂದ.

"ಯಾವ ಮದುಮಗ ತಮಾ? ಯಮ್ಮನೆಯವು ತೀರಿಹೋಗಿ ಇವತ್ತಿಗೆ ಹದಿಮೂರು ದಿನ."

ಮದುವೆ ಮನೆ ಗದ್ದೆಯ ಆಚೆ ದಡದಲ್ಲಿತ್ತು. ಅಲ್ಲಿ ಮದುಮಗ ಇದ್ದ, ಮದುಮಗಳು ಇದ್ದಳು, ವಾಲಗದವರು ಇದ್ದರು. ಒಲೆಯಲ್ಲಿ ಬೆಂಕಿ ಮಾತ್ರ ಇರಲಿಲ್ಲ. ಕುದಿಯುವ ಹುಳಿಯ ಕೊಪ್ಪರಿಗೆಯನ್ನು ಬಿದಿರಿಗೆ ತೂಗು ಹಾಕಿ ನಾಲ್ಕು ಜನ ಗದ್ದೆಯ ಬದುವಿನ ಮೇಲೆ ಓಡಿದೆವು. ಅರ್ಧ ಹುಳಿ ಗದ್ದೆಗೆ ಹೋಯಿತು. ಆ ಸಲ ಅಲ್ಲಿ ಬತ್ತ ಚೆನ್ನಾಗಿ ಬಂತಂತೆ. ಸುಬ್ರಾಯಣ್ಣ ಅದರ ಕೀರ್ತಿಯನ್ನೂ ಬಿಡಲಿಲ್ಲ.

ಈಗ ಪಲ್ಲವಿಯ ಕತೆಗೆ ಬರುತ್ತೇನೆ. ಅವಳು ನನ್ನ ಮಗ ರಘುವಿನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಉಪ್ಪಿನಕಾಯಿಯ ಜಾಡಿ ಒಡೆದು, ಚೂರುಗಳನ್ನು ದಾಸವಾಳದ ಗಿಡದ ಬುಡದಲ್ಲಿ ಹುಗಿದಿದ್ದಳು. ಹುಡುಕಿ ತೆಗೆದವನು ನಾನು. ಬೇರೆ ಕಡೆ ಇನ್ನೂ ಆಳವಾಗಿ ಹುಗಿದು ಬಂದವನೂ ನಾನೇ. "ಬೆಕ್ಕು ಒಡದ್ದು" ಎಂದು ನನ್ನ ಹೆಂಡತಿಗೆ ಹೇಳಿದೆ. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ. ಮಗು ತಪ್ಪು ಮಾಡಿದರೆ ಮುಚ್ಚಲು ಅಜ್ಜ, ಅಪ್ಪ, ಅಮ್ಮ ಮೂರು ಜನ ಓಡುತ್ತಿದ್ದೆವು. ಗ್ಯಾಸಿಗೆ ಫೋನ್ ಮಾಡಬೇಕಾದರೂ ಅವಳು ನನ್ನ ಹಿಂದೆ ನಿಂತು, "ಅಜ್ಜಾ, ನೀನೇ ಹೇಳು" ಎನ್ನುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ!

ಹುಬ್ಬಳ್ಳಿಯಲ್ಲಿ ಅಡಿಗೆಯ ಕೋರ್ಸು ಮುಗಿಸಿದ ಮೇಲೆ ಜರ್ಮನಿಯಲ್ಲಿ, ವಯಸ್ಸಾದವರು ಇರುವ ಒಂದು ಮನೆಯ ಅಡಿಗೆಮನೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ಅವಳು ಹೋದಳು. ಮೊದಲನೇ ದಿನವೇ ಯಾವ ರೈಲು ಎಂದು ಕೇಳಲು ನಾಚಿಕೆಯಾಗಿ, ನಮ್ಮ ಕಡೆಯವಳಂತೆ ಕಂಡ ಒಬ್ಬ ಹೆಂಗಸಿನ ಹಿಂದೆ ನಡೆದಳಂತೆ. ಆ ಹೆಂಗಸು ರೈಲು ಹತ್ತಿದಳು, ಇವಳೂ ಹತ್ತಿದಳು. ಅವಳು ಇಳಿದಳು, ಇವಳೂ ಇಳಿದಳು. ಅವಳ ಮನೆಯ ಬಾಗಿಲ ತನಕ ಹೋದಳು. ಹೆಂಗಸು ತಿರುಗಿ ನೋಡಿದರೆ ಯಾವುದೋ ಬೇರೆ ದೇಶದವಳು. ಪುಣ್ಯಕ್ಕೆ ಒಳಗೆ ಕರೆದು ಚಹಾ ಕೊಟ್ಟು, ಸರಿಯಾದ ರೈಲಿಗೆ ಹತ್ತಿಸಿದಳು. "ಅಜ್ಜಾ, ಒಂದು ಮಾತು ಕೇಳಿದ್ರೆ ಆಗ್ತಿತ್ತು. ಕೇಳದ್ದಕ್ಕೆ ಮೂರು ತಾಸು ಹೋತು" ಎಂದಳು ಫೋನಿನಲ್ಲಿ. ನನಗೆ ಮನ್ಮನೆಯ ಗದ್ದೆ ನೆನಪಾಯಿತು.

ಎರಡನೇ ತಿಂಗಳು ಬಟಾಟೆ ಸಾರಿಗೆ ಹೆದರಿಕೆಯಲ್ಲಿ ಎರಡು ಸಲ ಉಪ್ಪು ಹಾಕಿದಳಂತೆ. ಆ ಕಡೆ ಒಂದು ನಂಬಿಕೆಯಂತೆ: ಸಾರು ಉಪ್ಪಾದರೆ ಅಡಿಗೆಯವರು ಯಾರನ್ನೋ ಪ್ರೀತಿಸುತ್ತಿದ್ದಾರೆ ಎಂದು. ಎಂಬತ್ತು ಜನ ಮುದುಕ ಮುದುಕಿಯರು ಊಟ ಬಿಟ್ಟು ಚಪ್ಪಾಳೆ ತಟ್ಟಿ, ಹುಡುಗ ಯಾರು ಎಂದು ಕೇಳತೊಡಗಿದರು. ಒಬ್ಬ ಅಜ್ಜ ತನ್ನ ಮೊಮ್ಮಗನ ಫೋಟೋ ತಂದು ತೋರಿಸಿದನಂತೆ. ಅಡಿಗೆಮನೆಯ ಮುಖ್ಯಸ್ಥೆ ಎತ್ತರದ ಹೆಂಗಸು, ಹೆಚ್ಚು ಮಾತಿಲ್ಲ. ಅವಳಿಗೆ ಪಲ್ಲವಿ, "ಉಪ್ಪಿನ ಡಬ್ಬಿಯ ಮುಚ್ಚಳ ಸಡಿಲ ಇತ್ತು, ತಂತಾನೇ ಬಿತ್ತು" ಎಂದಳಂತೆ. ಅಜ್ಜನ ಮೊಮ್ಮಗಳಲ್ಲವೇ! ಮುಖ್ಯಸ್ಥೆ ಡಬ್ಬಿ ನೋಡಿ ತಲೆಯಾಡಿಸಿ ಹೋದಳು. ಮರುದಿನ ಇಡೀ ಅಡಿಗೆಮನೆಗೆ ಹೊಸ ಡಬ್ಬಿಗಳು ಬಂದವು. ಅರವತ್ತು ಡಬ್ಬಿ! ಹಳೆಯದನ್ನೆಲ್ಲ ಹೊರಗಿಟ್ಟರು. ಪಲ್ಲವಿ ಮೂರು ದಿನ ಆ ಹಳೆಯ ಡಬ್ಬಿಗಳ ಮುಂದೆ ಹಾದುಹೋಗಲಾರದೆ ಹಿತ್ತಿಲ ಬಾಗಿಲಿನಿಂದ ಓಡಾಡಿದಳು. ಅಲ್ಲಿ ಅವಳ ತಪ್ಪು ಹುಗಿಯಲು ಅಜ್ಜ ಇರಲಿಲ್ಲ. ನಾಲ್ಕನೇ ದಿನ ಹೋಗಿ ಹೇಳಿಬಿಟ್ಟಳು.

"ಬೈದ್ಲಾ?" ಎಂದು ಕೇಳಿದೆ.

"ಇಲ್ಲೆ ಅಜ್ಜಾ. 'ಸರಿ, ಹಂಗಾದ್ರೆ ಹಳೇ ಡಬ್ಬಿ ಒಳಗೆ ತಗಂಬಾ' ಹೇಳ್ತು. ಆಮೇಲೆ ಗೋಡೆ ಮೇಲೊಂದು ಹಲಗೆ ಹಾಕ್ತು. ಉಪ್ಪು ಹಾಕಿದವು ಒಂದು ಗೆರೆ ಎಳಿಯವು. ಅಷ್ಟೇ."

ಅರವತ್ತು ಡಬ್ಬಿ ವಾಪಸು ಒಳಗೆ ಬಂದವು. ನನ್ನ ಬಾವಿ? "ಡಬ್ಬಿ ಒಳ್ಳೇ ಕಂಪನಿದು ತಗಳವು" ಎಂದು ಏನೋ ಹೇಳಿ ಫೋನು ಇಟ್ಟೆ.

ಎರಡು ವರ್ಷ ಮುಗಿಸಿ ಬಂದವಳು ಅಲ್ಲಿಂದ ತಂದ ಅಡಿಗೆ ಎಂದರೆ ಆ ಬಟಾಟೆ ಸಾರು ಒಂದೇ. ಅದು ನಮ್ಮ ಮನೆಯಲ್ಲಿ ಯಾರಿಗೂ ಸೇರಲಿಲ್ಲ. ಆದರೆ ಬಂದ ವಾರವೇ ಗ್ಯಾಸಿನವನ ಹತ್ತಿರ, "ಅಣ್ಣಾ, ನಿಮ್ದು ತಪ್ಪಾಜು, ಸಿಲಿಂಡರ್ ಬದಲು ಮಾಡಿಕೊಡಿ" ಎಂದಳು. ನಾನು ಅವಳ ಹಿಂದೆ ನಿಂತಿದ್ದೆ. "ಅಜ್ಜನ ಕೊಪ್ಪರಿಗೆ ಆನು ಹಿಡಿತಿ" ಎಂದು ತಂಡ ಕಟ್ಟಿದಳು. ಹೆಣ್ಣುಮಗಳು ತಂಡದ ಯಜಮಾನಳಾಗುವುದೇ ಎಂದು ನಾಲ್ಕು ಜನ ಮೂಗು ಮುರಿದರು. ಮುರಿಯಲಿ, ಮೂಗು ಅವರದ್ದು.

ಅವಳಿಗೆ ಸಿಕ್ಕ ಮೊದಲನೇ ದೊಡ್ಡ ಊಟವೇ ಬಿಳಗಿಯ ಆ ಮನೆಯದು. ಹಳೆಯ ಯಜಮಾನರು ಈಗಿಲ್ಲ, ಅವರ ಮಗ ಮಂಜಣ್ಣನ ಮೊಮ್ಮಗನ ಮುಂಜಿ. ಯಲ್ಲಾಪುರದ ತಿಮ್ಮಣ್ಣ ಎನ್ನುವವರೂ ಬರುವವರಿದ್ದರು. ಅವರ ಮಗಳ ಮದುವೆಯ ಅಡಿಗೆ ಪಲ್ಲವಿಗೆ ಕೊಡಬೇಕೋ ಬೇಡವೋ ಎಂದು ಉಂಡು ನೋಡಿ ತೀರ್ಮಾನ ಮಾಡುವುದಾಗಿತ್ತು. ಆ ಮದುವೆ ಸಿಕ್ಕಿದರೆ ತಂಡ ನಿಲ್ಲುತ್ತದೆ, ಇಲ್ಲದಿದ್ದರೆ ಮೂಗು ಮುರಿದವರು ಗೆದ್ದಂತೆ.

ಹೊರಡುವಾಗ ಪಲ್ಲವಿ, "ಅಜ್ಜಾ, ನೀನೂ ಬಾ. ಆದ್ರೆ ಕುರ್ಚಿ ಮೇಲೆ ಕೂತ್ಕಳವು. ಎಂತದೂ ಮುಟ್ಟಡ" ಎಂದಳು. ಅಡಿಗೆಮನೆಯ ಗೋಡೆಗೆ ಶಾಲೆಯ ಮಕ್ಕಳ ಪಾಟಿಯೊಂದನ್ನು ತೂಗು ಹಾಕಿ, ಬಳಪ ಕಟ್ಟಿದ್ದಳು. ಹುಳಿ, ಸಾರು, ಪಲ್ಯ ಎಂದು ಬರೆದು, ಉಪ್ಪು ಹಾಕಿದವರು ಅದರ ಮುಂದೆ ಗೆರೆ ಎಳೆಯಬೇಕು ಎಂದು ಎಲ್ಲರಿಗೂ ಹೇಳಿದ್ದಳು.

ನಾನು ಕೂತಿದ್ದೆ. ಅವಳು ಅನ್ನ ನೋಡಲು ಹೋದಳು. ಹುಳಿ ಕುದಿಯುತ್ತಿತ್ತು. ಡಬಡಬ ಕೇಳಿತು! ಸುಬ್ರಾಯಣ್ಣ ಕೂತಿದ್ದ ಅದೇ ಭಂಗಿಯಲ್ಲಿ ಬಗ್ಗಿ ಕಿವಿ ಕೊಟ್ಟೆ. ಡಬಡಬ. ಪಾಟಿಯ ಮೇಲೆ ಹುಳಿಯ ಮುಂದೆ ಗೆರೆ ಎಳೆದಿತ್ತು. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಕಂಡಿತ್ತು. ಪಾಟಿ ಕಿವಿ ಇಲ್ಲದವರಿಗೆ ಎಂದುಕೊಂಡೆ. ಮೂರು ಬೊಗಸೆ ಹಾಕಿ ಬಂದು ಕುರ್ಚಿಯಲ್ಲಿ ಕೂತೆ.

ಪಂಕ್ತಿಗೆ ಹುಳಿ ಬಂತು. ನಮ್ಮ ಕಡೆಯ ಜನ ಊಟ ಕೆಟ್ಟರೆ ಬೈಯುವುದಿಲ್ಲ. ಎರಡನೇ ತುತ್ತಿಗೇ ನಾಲ್ಕೂ ಕಡೆಯಿಂದ "ಮಜ್ಜಿಗೆ ಬರಲಿ" ಎಂದು ಕೂಗತೊಡಗಿದರು. ಅನ್ನ ಹುಳಿ ಬಡಿಸುವಾಗಲೇ ಮಜ್ಜಿಗೆ ಕೇಳಿದರೆ ಅಡಿಗೆಯವನ ಶ್ರಾದ್ಧ ಎಂದೇ ಲೆಕ್ಕ. ಮಂಜಣ್ಣ ಒಂದು ತುತ್ತು ಉಂಡು ಎದ್ದು ನಿಂತು, "ಅಯ್ಯೋ, ಈ ಬಾವಿಯೂ ಹಾಳಾತು! ಅಪ್ಪಯ್ಯನ ಕಾಲದಲ್ಲಿ ಆದ ಹಾಂಗೇ ಆತು!" ಎಂದು ತಲೆಯ ಮೇಲೆ ಕೈ ಹೊತ್ತ. ಎಡಗೈಯಲ್ಲಿ ಫೋನು ತೆಗೆದು ಅಲ್ಲೇ ಜೆಸಿಬಿಯವನಿಗೆ, "ನಾಳೆ ಬೆಳಿಗ್ಗೆ ಬಾ ಮಾರಾಯ, ಒಂದು ಬಾವಿ ಮುಚ್ಚದು, ಒಂದು ತೋಡದು" ಎಂದ. ಪುರೋಹಿತರು ಬಾವಿಗೆ ಯಾವ ಶಾಂತಿ ಮಾಡಿಸಬೇಕೆಂದು ಹೇಳತೊಡಗಿದರು.

ಆಗಲೇ ಪಲ್ಲವಿ ಸೌಟು ಹಿಡಿದು ಬಂದಳು. "ಮಂಜಣ್ಣಮಾವ, ಬಾವಿಗೆ ಎಂತೂ ಆಗಿದ್ದಿಲ್ಲೆ. ಹುಳಿಗೆ ಎರಡು ಸಲ ಉಪ್ಪು ಬಿದ್ದಿದ್ದು. ಹುಳಿ ಕೆಟ್ಟಿದ್ದು ಯನ್ನ ಅಡಿಗೆಮನೆಲ್ಲಿ. ತಪ್ಪು ಯನ್ನದು. ಯಾರೂ ಅದನ್ನ ಉಣ್ಣಡಿ, ಈಗ ಸಾರು ತರ್ಸ್ತಿ." ಮಾತು ನೆಟ್ಟಗಿತ್ತು. ನನ್ನ ಕಣ್ಣು ತುಂಬಿತು. ಒರೆಸಿಕೊಂಡೆ. ಕೈಯಲ್ಲಿದ್ದ ಉಪ್ಪು ಕಣ್ಣಿಗೆ ಹೋಗಿ ಇನ್ನೂ ತುಂಬಿತು.

ಮಂಜಣ್ಣ ನಂಬಲಿಲ್ಲ. "ಎಂತಾ ಸಂಸ್ಕಾರ ನೋಡಿ! ಯಮ್ಮನೆ ಬಾವಿ ಮರ್ಯಾದೆ ಉಳಿಸಲೆ ತಪ್ಪು ತನ್ನ ಮೇಲೆ ಹಾಕ್ಯಂಡ್ತು" ಎಂದು ಪಂಕ್ತಿಗೆಲ್ಲ ಸಾರಿದ. ಜೆಸಿಬಿ ಮಾತ್ರ ಬೇಡ ಎನ್ನಲಿಲ್ಲ.

ಅಡಿಗೆಮನೆಯಲ್ಲಿ ಪಲ್ಲವಿ ಒಬ್ಬೊಬ್ಬರನ್ನೇ ಕೇಳಿದಳು. "ಇನ್ನೊಂದು ಸಲ ಹಾಕಿದ್ದು ಯಾರು? ಬೈತ್ನಿಲ್ಲೆ, ಗೊತ್ತಾಗವು ಅಷ್ಟೇ." ಎಲ್ಲರೂ ಇಲ್ಲ ಎಂದರು. ನನ್ನ ಕಡೆ ನೋಡಿದಳು. ನಾನು ಬಲಗೈಯನ್ನು ಶಾಲಿನೊಳಗೆ ಸೇರಿಸಿ ತಲೆ ಅಲ್ಲಾಡಿಸಿದೆ. ನಲವತ್ತು ವರ್ಷದ ಅಭ್ಯಾಸ, ತಲೆ ತಾನೇ ಅಲ್ಲಾಡುತ್ತದೆ.

ಸಂಜೆ ಶಿರಸಿಗೆ ಬಂದೆವು. ಚೆಲ್ಲಲು ಮನಸ್ಸಾಗದ ಒಂದು ದೊಡ್ಡ ಪಾತ್ರೆ ಹುಳಿ ಜೊತೆಗೇ ಬಂತು. ನನ್ನ ಹೆಂಡತಿ ಅದಕ್ಕೆ ಬೇಯಿಸಿದ ಬೇಳೆ, ಬಟಾಟೆ, ನೀರು ಎಲ್ಲ ಸೇರಿಸಿ ಕುದಿಸಿದಳು. ಪಾತ್ರೆ ಒಂದಿದ್ದದ್ದು ಎರಡಾಯಿತು. ಮಗ ರಘು, ಸೊಸೆ, ಪಲ್ಲವಿ, ನಾವಿಬ್ಬರು ಒಟ್ಟಿಗೇ ಊಟಕ್ಕೆ ಕೂತೆವು. ಪಲ್ಲವಿಯ ಮುಖ ಬಾಡಿತ್ತು. ಅಷ್ಟರಲ್ಲಿ ಯಲ್ಲಾಪುರದ ತಿಮ್ಮಣ್ಣನ ಫೋನು ಬಂತು. ಅವಳು ಎಡಗೈಯಲ್ಲೇ ಒತ್ತಿದಳು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಬಂತು.

"ಕೂಸೇ, ಮದುವೆ ಅಡಿಗೆ ನಿಂದೇ. ಇಷ್ಟು ವರ್ಷ ಅಡಿಗೆಯವು 'ತುಪ್ಪ ಖಾಲಿ' ಹೇಳಿದ್ರೆ ನಂಬವಾ ಬಿಡವಾ ಗೊತ್ತಾಗ್ತಿರ್ಲೆ. ನೀ ಹೇಳಿದ್ರೆ ನಂಬಲಕ್ಕು."

ಸೊಸೆ ಅಲ್ಲೇ ಅಳತೊಡಗಿದಳು. ರಘು, "ಆ ದೇಶದವು ಯನ್ನ ಮಗಳನ್ನ ಮನುಷ್ಯಳನ್ನಾಗಿ ಮಾಡಿದ" ಎಂದ. ಪಲ್ಲವಿ ನಗಲಿಲ್ಲ. "ಇನ್ನೊಂದು ಗೆರೆ ಯಾರ್ದು ಗೊತ್ತಾಜಿಲ್ಲೆ ಅಪ್ಪಯ್ಯಾ. ನಾಳೆ ಬೆಳಿಗ್ಗೆ ಆ ಬಾವಿ ಹೋಗ್ತು" ಎಂದಳು.

ಎತ್ತಿದ ತುತ್ತನ್ನು ಎಲೆಯ ಮೇಲೇ ಇಟ್ಟೆ. ನೀರು ಕುಡಿದು ಹೇಳಿದೆ: "ಉಪ್ಪು ಹಾಕಿದ್ದು ಆನು. ಹಳೇ ಬಾವಿ ಮುಚ್ಚಿ ಹೋಗಿದ್ದೂ ನಂಗಳಿಂದ್ಲೇ."

ಎಲ್ಲ ಹೇಳಿದೆ. ಡಬಡಬ, ಗುಬುಗುಬು, ಸುಬ್ರಾಯಣ್ಣ, ಬಸ್ಸಿನ ಕಿಟಕಿ, ಎಲ್ಲ. ಪಲ್ಲವಿ ಕೆಂಡವಾದಳು. "ಅಜ್ಜಾ! ಪಾಟಿ ಕಂಡಿತ್ತಾ?"

"ಕಂಡಿತ್ತು."

"ಆನು ಕೇಳಿದಾಗ?"

"ತಲೆ ಅಲ್ಲಾಡಿಸ್ದಿ."

ಅವಳು ಮಂಜಣ್ಣನಿಗೆ ಫೋನು ಹಚ್ಚಿ ನನ್ನ ಎಲೆಯ ಪಕ್ಕ ಇಟ್ಟಳು. "ಹೇಳು. ಆನು ಹೇಳ್ತ್ನಿಲ್ಲೆ." ಗ್ಯಾಸಿಗೆ ಫೋನು ಮಾಡಲು ನನ್ನ ಹಿಂದೆ ನಿಲ್ಲುತ್ತಿದ್ದವಳು! ಹೇಳಿದೆ. ಆಚೆ ಕಡೆಯಿಂದ ಮಂಜಣ್ಣ, "ಹಂಗಾದ್ರೆ ಯಮ್ಮನೆ ಆಕಳು ನಲವತ್ತು ವರ್ಷದಿಂದ ಸಿಹಿನೀರ ಮೇಲೆ ಮನಗಿದ್ವಾ? ಅದಕ್ಕೇ ಅಷ್ಟು ಹಾಲು ಕೊಡ್ತ!" ಎಂದು ನಗತೊಡಗಿದ. ನಗುವಿನ ನಡುವೆ ಒಮ್ಮೆ, "ಅಪ್ಪಯ್ಯ ಇದ್ದಾಗ ಹೇಳಕಾಗಿತ್ತು ಭಾವಾ" ಎಂದ. "ಹೌದು, ಹೇಳಕಾಗಿತ್ತು" ಎಂದೆ. ಜೆಸಿಬಿಯವನಿಗೆ ಬರಬೇಡ ಎನ್ನುತ್ತೇನೆ ಎಂದು ಫೋನು ಇಟ್ಟ.

ಪಲ್ಲವಿ ಚೀಲದಿಂದ ಪಾಟಿ ತೆಗೆದು ನನ್ನ ಮುಂದೆ ಹಿಡಿದಳು. ಬಲಗೈ ಎಂಜಲು, ಎಡಗೈಯಲ್ಲಿ ಬಳಪ ಹಿಡಿದು ಹುಳಿಯ ಮುಂದೆ ಗೆರೆ ಎಳೆದೆ. ಎರೆಹುಳದಂತೆ ಸೊಟ್ಟಗೆ ಬಂತು. "ಬಾವಿಗೊಂದು" ಎಂದಳು. ಅದನ್ನೂ ಎಳೆದೆ. ನನ್ನ ಹೆಂಡತಿ ನನ್ನನ್ನೇ ನೋಡುತ್ತಾ, "ಆ ಊರಲ್ಲಿ ಉಪ್ಪು ಜಾಸ್ತಿ ಆದ್ರೆ ಅಡಿಗೆಯವ ಯಾರನ್ನೋ ಪ್ರೀತಿ ಮಾಡ್ತ ಹೇಳಿ ಅಲ್ದನೇ ಪಲ್ಲವಿ? ಇವು ಯಾರನ್ನಡ, ಕೇಳು" ಎಂದಳು.

"ನಿನ್ನೇ," ಎಂದೆ.

"ಹಂಗಾದ್ರೆ ಆ ಜಾಡಿ ಬೆಕ್ಕು ಒಡದ್ದಾ?"

ಪಲ್ಲವಿ ಬಳಪ ಕಿತ್ತುಕೊಂಡು ಜಾಡಿಗೆ ಒಂದು ಗೆರೆ ಎಳೆದಳು. ಹುಗಿದದ್ದಕ್ಕೆ ನಾನೊಂದು ಎಳೆದೆ. ರಘು ಮುಖ ತಗ್ಗಿಸಿ ಒಂದು ಎಳೆದ, ಯಾತಕ್ಕೆ ಎಂದು ಹೇಳಲಿಲ್ಲ. ಸೊಸೆ ಅವನನ್ನು ದುರುಗುಟ್ಟಿ ನೋಡಿ, ಪಾಯಸಕ್ಕೆ ಸಕ್ಕರೆ ಮರೆತೇಹೋಯಿತು ಎಂದು ತಾನೊಂದು ಎಳೆದಳು. ಬಳಪ ಎಲೆಯಿಂದ ಎಲೆಗೆ ಎಡಗೈಯಲ್ಲಿ ಸುತ್ತುತ್ತಿತ್ತು, ಬಲಗೈ ಉಣ್ಣುತ್ತಿತ್ತು. ಪಾಟಿ ತುಂಬಿದ ಮೇಲೆ ನನ್ನ ಹೆಂಡತಿ ಇನ್ನಷ್ಟು ಬಡಿಸೋಣವೆಂದು ಸೌಟು ಹಾಕಿದಳು. ಎರಡೂ ಪಾತ್ರೆಯ ತಳ ಟಣ್ ಎಂದಿತು.